ನಲವತ್ತೊಂಬತ್ತನೆಯ ಕಾಳು

೩ ಆಗಸ್ಟ್ ೨೦೨೫, ರವಿವಾರ, ಯಲವಿಗಿ

ಪಾದ್ರಿ ರವಿಕುಮಾರ ಅಯ್ಯನವರ ಮನೆಯ ಅಮ್ಮನವರು ಈ ನೋಟ್‌ಬುಕ್ಕು ಕೊಟ್ಟರು. ಆರಾಧನೆ ಮುಗಿದ ಮೇಲೆ ಕೈಯಲ್ಲಿಟ್ಟು, “ಚಿಂತೀನ ತಲ್ಯಾಗ ಇಟ್ಕೋಬ್ಯಾಡ್ರಿ ಅನ್ನವ್ವ, ಹಾಳ್ಯಾಗ ಬರೀರಿ. ತಲಿ ಹಗುರ ಆಕ್ಕೈತಿ” ಅಂದರು. ನನ್ನ ಚಿಂತೆಗೆ ಇನ್ನೂರು ಪುಟ ಸಾಲುವುದಿಲ್ಲ ಅಂತ ಅವರಿಗೆ ಗೊತ್ತಿಲ್ಲ.

ಇವತ್ತಿನ ಚಿಂತೆ ಇದು. ನಾಗಪುರದಿಂದ ಅಖಿಲ ಭಾರತ ಸ್ತ್ರೀ ಸೇವಾ ಮಂಡಳಿಯ ಕಾಗದ ಬಂದಿದೆ. ದೇಶದ ಎಲ್ಲ ಕ್ರೈಸ್ತ ಸಭೆಗಳ ಹೆಂಗಸರ ಮಂಡಳಿ ಅದು. ಅದರಲ್ಲಿ ಒಂದು ಉಪಾಧ್ಯಕ್ಷೆಯ ಸ್ಥಾನವನ್ನು ಹಳ್ಳಿಯವರಿಗೆ ಅಂತ ಮಾಡಿದ್ದಾರೆ, ಮೊದಲ ಸಲ ಅದು ನಮ್ಮ ಕಡೆಗೆ ಬಂದಿದೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕಿನ ಏಳು ಸಭೆಗಳ ಹೆಂಗಸರು ಯಾರನ್ನು ಆರಿಸುತ್ತಾರೋ ಅವಳೇ ಮೂರು ವರ್ಷ ಆ ಕುರ್ಚಿಯ ಮೇಲೆ.

ಹಿರೇಕೆರೂರಿನ ಹೇಮಾ ಟೀಚರ್ ಆಗಲೇ ಹೆಸರು ಕೊಟ್ಟಿದ್ದಾರೆ. ಇನ್ನೊಂದು ಹೆಸರು ಯಾರದಾದರೂ ಉಂಟೇನು ಅಂತ ಅಯ್ಯನವರು ಕೇಳಿದರು. ನನ್ನ ಪಕ್ಕದಲ್ಲಿ ಕುಳಿತಿದ್ದ ಹಾಲವ್ವ ನನ್ನ ರಟ್ಟೆ ಹಿಡಿದು ಮೇಲೆತ್ತಿದಳು. “ಈಕಿ ಅದಾಳಲ್ರಿ! ಮನ್ಯಾಗ ಕುಂತು ಚಿಂತಿ ಮಾಡೂದಕ್ಕಿಂತ ಅಲ್ಲಿ ಹೋಗಿ ಮಾಡ್ಲಿ.” ಎಲ್ಲರೂ ನಕ್ಕರು.

ನಾನು ಕೈ ಕೆಳಗೆ ಎಳೆದುಕೊಳ್ಳಬೇಕಿತ್ತು. ಎಳೆದುಕೊಳ್ಳಲಿಲ್ಲ. ಯಾಕೆ ಅಂತ ಇಲ್ಲಿ ಮಾತ್ರ ಬರೆಯುತ್ತೇನೆ. ನನಗೆ ಆ ಕುರ್ಚಿ ಬೇಕು.

ಬರೆದು ಹೊಡೆದು ಹಾಕಿದೆ. ಆಮೇಲೆ ಹೊಡೆದದ್ದರ ಕೆಳಗೆ ಮತ್ತೆ ಅದನ್ನೇ ಬರೆದೆ. ಹೋದ ವರ್ಷ ಹುಬ್ಬಳ್ಳಿಯ ದೊಡ್ಡ ಕೂಟಕ್ಕೆ ನಮ್ಮನ್ನು ಕರೆದಿದ್ದರು. ಹೋದ ತಕ್ಷಣ ಅಡುಗೆಮನೆಗೆ ಕಳಿಸಿದರು. ನಾವು ಹಿತ್ತಲಲ್ಲಿ ಮೆಂತ್ಯ ಸೊಪ್ಪು ಸೋಸುತ್ತ ಕುಳಿತಿದ್ದಾಗ ಒಳಗೆ ಹಳ್ಳಿಯ ಹೆಂಗಸರ ಏಳಿಗೆಯ ಬಗ್ಗೆ ಭಾಷಣ ನಡೆದಿತ್ತು. ಅವತ್ತಿನಿಂದ ಬೇಕಾಗಿದೆ.

ಯಾರಾದರೂ ಈ ಪುಟ ಓದಿದರೆ ಹೇಗೆ? ಹಿಟ್ಟಿನ ಡಬ್ಬಿಯ ಹಿಂದೆ ಇಡುತ್ತೇನೆ.

೫ ಆಗಸ್ಟ್, ಮಂಗಳವಾರ

ಫಾರ್ಮಿನಲ್ಲಿ “ವಿದ್ಯಾಭ್ಯಾಸ” ಅಂತ ಒಂದು ಉದ್ದ ಗೆರೆ ಇದೆ. ನನ್ನ ವಿದ್ಯಾಭ್ಯಾಸಕ್ಕೆ ಅಷ್ಟುದ್ದ ಗೆರೆ ಬೇಕಾಗಿಲ್ಲ. ಆರನೇ ಇಯತ್ತೆ, ಅದೂ ದೀಪಾವಳಿಯವರೆಗೆ. ಆಮೇಲೆ ಅವ್ವನಿಗೆ ಕಾಯಿಲೆ ಬಂತು, ಮೂವರು ತಮ್ಮಂದಿರು ನನ್ನ ಸೊಂಟಕ್ಕೆ ಬಂದರು.

ಬರೀ “ಆರನೇ ಇಯತ್ತೆ” ಅಂತ ಬರೆದರೆ ಸುಳ್ಳಾಗುತ್ತದೋ ಏನೋ. “ಆರನೇ ಇಯತ್ತೆ, ಅರ್ಧ” ಅಂತ ಬರೆದೆ. ನಮ್ಮವರಿಗೆ ತೋರಿಸಿದೆ. ಮೂವತ್ತು ವರ್ಷ ರೈಲ್ವೆ ಗ್ಯಾಂಗಿನಲ್ಲಿ ದುಡಿದವರು, ಎಲ್ಲವನ್ನೂ ಹಳಿ ನೋಡಿದ ಹಾಗೆ ಕಣ್ಣು ಕಿರಿದು ಮಾಡಿ ನೋಡುತ್ತಾರೆ.

“ಅರ್ಧ ಅಂತ ಯಾರು ಕೇಳಿದ್ರ ನಿನ್ನ?”

“ಯಾರರೆ ಸಾಲಿಗೆ ಹೋಗಿ ಕೇಳಿದ್ರ?”

“ಆ ಸಾಲಿ ಮಾಸ್ತರ ಸತ್ತ ಇಪ್ಪತ್ತು ವರ್ಷ ಆತು. ಬರದು ಕೊಡು ಹೋಗು.”

ಅರ್ಧ ಅನ್ನುವುದನ್ನು ಹಾಗೇ ಬಿಟ್ಟಿದ್ದೇನೆ.

೯ ಆಗಸ್ಟ್

ಫಾರ್ಮು ಕೊಟ್ಟು ಬಂದೆ. ಊಟ ಮಾಡಿ ವಾಪಸ್ ತರಲು ಹೋದೆ. ಅಯ್ಯನವರು ಅದನ್ನು ಅಂಚೆಗೆ ಹಾಕಿಬಿಟ್ಟಿದ್ದರು.

೨೪ ಆಗಸ್ಟ್, ರವಿವಾರ, ತಡಸದಿಂದ ಬಂದ ಮೇಲೆ

ಹೆಸರು ಕೊಟ್ಟವರು ಊರೂರಿನ ಹೆಂಗಸರ ಕೂಟಕ್ಕೆ ಹೋಗಿ ಐದು ನಿಮಿಷ ಮಾತಾಡಬೇಕು. ಇದು ನಿಯಮ. ನಾನು ಒಂದು ಹಾಳೆ ತುಂಬ ಬರೆದು ಬಾಯಿಪಾಠ ಮಾಡಿದ್ದೆ. ಬಸ್ಸಿನಲ್ಲಿ ಗುನುಗುತ್ತ ಕುಳಿತಿದ್ದೆ. ಪಕ್ಕದಲ್ಲಿದ್ದವಳು ನನ್ನನ್ನು ಎರಡು ಸಲ ನೋಡಿ ಎದ್ದು ಬೇರೆ ಸೀಟಿಗೆ ಹೋದಳು.

ತಡಸದ ಸಭೆಯ ಗುಡಿಯಲ್ಲಿ ಮೂವತ್ತು ಹೆಂಗಸರು ಸೇರಿದ್ದರು. ಕೀರ್ತನೆ ಹಾಡುತ್ತಿದ್ದಾಗ ಕರಿಯವ್ವ ಅಂತ ಒಬ್ಬ ಅಜ್ಜಿ ಎದ್ದು, ತಲೆಯ ಮೇಲೆ ಗೋಣಿಚೀಲ ಹೊದ್ದು, ಮಳೆಯಲ್ಲಿ ರಸ್ತೆ ದಾಟಿ ಹೊಲದ ಕಡೆಗೆ ನಡೆದಳು. ಎಲ್ಲಿಗೆ ಅಂದೆ. ಪಕ್ಕದವಳು ಸೆರಗು ಬಾಯಿಗೆ ಹಿಡಿದು ಹೇಳಿದಳು, “ಗುಡಿ ಹಿಂದ ಪಾಯಖಾನಿ ಐತ್ರಿ. ಕೀಲಿ ಗುತ್ತೆಪ್ಪ ಹಿರ್ಯಾರ ಮನ್ಯಾಗ ಇರತೈತಿ. ಕೇಳಾಕ ನಾಚಿಕಿ.”

“ಎಷ್ಟು ವರ್ಷದಿಂದ?”

“ಕಟ್ಟಿದಾಗಿಂದ್ರಿ.”

ನನಗೆ ಏನಾಯಿತೋ ಗೊತ್ತಿಲ್ಲ. ಭಾಷಣದ ಹಾಳೆ ಕೈಯಲ್ಲಿ ಹಿಡಿದುಕೊಂಡೇ ಆ ಹಿರಿಯರ ಮನೆಗೆ ಹೋದೆ. ಹೋದವಳೇ ಕೇಳದೆ ಕಟ್ಟೆಯ ಮೇಲೆ ಕುಳಿತುಬಿಟ್ಟೆ.

“ಹೆಣಮಕ್ಕಳು ಹೊಲಸ ಮಾಡ್ತಾರಂತ ಕೀಲಿ ಹಾಕೇವ್ರಿ” ಅಂದರು ಗುತ್ತೆಪ್ಪ ಹಿರಿಯರು.

“ಬಳಸದನ ಹ್ಯಾಂಗ ಹೊಲಸ ಆತ್ರಿ?”

ಅವರು ಮೀಸೆ ತಿರುವಿ ಕಮಿಟಿ ಮೀಟಿಂಗ್ ಆಗಬೇಕು ಅಂದರು. ನಾನು ಮೀಟಿಂಗ್ ಆಗುವವರೆಗೆ ಕುಂಡ್ರತೇನಿ ಅಂದೆ. ಹೆದರಿಕೆಯಲ್ಲಿ ಬಾಯಿಗೆ ಬಂದದ್ದು ಅಷ್ಟೇ. ಅವರ ಹೆಂಡತಿ ಚಹಾ ತಂದರು. “ಬ್ಯಾಡ್ರಿ ಯಕ್ಕಾ. ಚಾ ಕುಡದ್ರ ಆಮ್ಯಾಲ ನನಗೂ ಕೀಲಿ ಬೇಕಾಕ್ಕೈತಿ” ಅಂದೆ. ಆಕೆ ಬಾಗಿಲ ಹಿಂದೆ ಹೋಗಿ ನಕ್ಕದ್ದು ಓಣಿಗೆಲ್ಲ ಕೇಳಿತು. ಹಾಗೇ ನಗುತ್ತ ಮೊಳೆಯಿಂದ ಕೀಲಿ ತೆಗೆದು ತಂದು ನನ್ನ ಉಡಿಯಲ್ಲಿ ಹಾಕಿದರು. ಹಿರಿಯರು ಆ ಕಡೆ ಮುಖ ಮಾಡಿ ಮಳೆ ನೋಡುತ್ತ ನಿಂತರು.

ಕೀಲಿಯನ್ನು ಗುಡಿಯ ಒಳಗೆ ಹಾಡಿನ ಪುಸ್ತಕಗಳ ಕಪಾಟಿನ ಪಕ್ಕ ತೂಗುಹಾಕಿಸಿದೆ. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಭಾಷಣ ಹೋಯಿತು. ಹೇಮಾ ಟೀಚರ್ ಅಲ್ಲಿ ಕಾಲು ತಾಸು ಮಾತಾಡಿ, ಇಂಗ್ಲಿಷಿನಲ್ಲಿ ಪ್ರಾರ್ಥನೆ ಮಾಡಿ ಹೋಗಿದ್ದಾರಂತೆ. ನಾನು ಪಾಯಖಾನೆಯ ಮಾತಾಡಿ ಬಂದೆ. ಎಂಥ ನಾಚಿಕೆಗೇಡು.

೭ ಸೆಪ್ಟೆಂಬರ್, ರವಿವಾರ, ಹಾನಗಲ್ಲ

ಇಲ್ಲಿ ಮೈಕು ಇಟ್ಟಿದ್ದರು. ನಾನು ಹತ್ತಿರ ಹೋದ ಕೂಡಲೇ ಅದು ಕುಂಯ್ ಅಂತು, ನನ್ನ ಭಾಷಣವೆಲ್ಲ ಮರೆತುಹೋಯಿತು. ಹಾಳೆ ಬಿಡಿಸಿದರೆ ಅಕ್ಷರಗಳು ಇರುವೆಗಳ ಹಾಗೆ ಓಡುತ್ತಿವೆ. “ನನಗ ಮರತ ಹೋತ್ರಿ” ಅಂದೆ. ಅದೂ ಮೈಕಿನಲ್ಲಿ ಓಣಿಗೆಲ್ಲ ಕೇಳಿತು.

ಸುಮ್ಮನೆ ಇಳಿದು ಚಾಪೆಯ ಮೇಲೆ ಕುಳಿತೆ. ಏನಾದರೂ ಅನ್ನಬೇಕಲ್ಲ ಅಂತ, “ನೀವು ಹೇಳ್ರೆವಾ, ನಾನು ಬರಕೋತೇನಿ. ಮಂಡಳಿಯವರು ನಿಮಗ ಏನು ಮಾಡಬೇಕು?” ಅಂದೆ. ಆಮೇಲೆ ಒಬ್ಬಳು, ಬೈಬಲ್ ಪಾಠದ ಪುಸ್ತಕದ ಅಕ್ಷರ ದೊಡ್ಡದು ಮಾಡಿಸ್ರಿ, ಮೊಮ್ಮಗಳ ಕಡೆಯಿಂದ ಓದಿಸಿದರೆ ಆಕೆ ನಡುವೆ ಸಾಲು ತಪ್ಪಿಸುತ್ತಾಳೆ ಅಂದಳು. ಇನ್ನೊಬ್ಬಳು, ಕೂಟವನ್ನು ಸಂತೆಯ ದಿನ ಇಡಬೇಡಿ ಅಂದಳು. ಮೂಲೆಯಲ್ಲಿದ್ದ ಮುದುಕಿ ಎದ್ದು ನಿಂತು, “ನನ್ನ ಸೊಸಿನ್ನ ಎರಡ ದಿನ ನಾಗಪುರಕ್ಕ ಕರಕೊಂಡು ಹೋಗ್ರಿ” ಅಂದಳು. ಪಕ್ಕದಲ್ಲೇ ಕುಳಿತಿದ್ದ ಸೊಸೆ, “ಎರಡ ಯಾಕ್ರಿ ಅತ್ತಿ, ತಿಂಗಳ ಇರತೇನಿ!” ಅಂದಳು. ಕೂಟವೆಲ್ಲ ಬಿದ್ದು ಬಿದ್ದು ನಕ್ಕಿತು, ಅತ್ತೆಯೂ ನಕ್ಕಳು.

ಭಾಷಣದ ಹಾಳೆಯ ಬೆನ್ನಿನ ಮೇಲೆ ಎಲ್ಲ ಬರೆದುಕೊಂಡೆ. ಜಾಗ ಸಾಲದೆ ಭಾಷಣದ ಸಾಲುಗಳ ನಡುವೆಯೂ ಬರೆದೆ. ಈಗ ಭಾಷಣ ಓದಲು ಬರುವುದಿಲ್ಲ. ಹೊಸದು ಬರೆಯಬೇಕು, ಆದರೆ ದೊಡ್ಡ ಅಕ್ಷರದ ಪುಸ್ತಕದ ಬಗ್ಗೆ ಮೊದಲು ಅಯ್ಯನವರನ್ನು ಕೇಳಬೇಕು. ಇದು ಈ ವರ್ಷವೇ ಆಗಬಹುದಲ್ಲ. ಆರಿಸಿ ಬಂದವಳೇ ಮಾಡಿಸಬೇಕು ಅಂತ ಏನಿದೆ?

೧೬ ಸೆಪ್ಟೆಂಬರ್

ಕುಪ್ಪಸ ಹೊಲಿಯಲು ಕೊಡುವುದಕ್ಕೆ ಸವಣೂರಿಗೆ ಹೋಗಿದ್ದೆ. ಟೇಲರ್ ಮುಬಶೀರನಿಗೂ ಸುದ್ದಿ ಗೊತ್ತು. “ಬಾಯಾರ, ಕುರ್ಚಿ ಮ್ಯಾಲ ಕುಂಡ್ರೂ ಅಳತಿಗೆ ಹೊಲೀಲೋ, ಚಾಪಿ ಮ್ಯಾಲ ಕುಂಡ್ರೂ ಅಳತಿಗೋ?” ಅಂದ. “ಓಡ್ಯಾಡೂ ಅಳತಿಗೆ ಹೊಲಿ” ಅಂದೆ. ತಡಸದಿಂದ ಫೋನು ಬಂದಿತ್ತು. ಪಾಯಖಾನೆಗೆ ಬಕೆಟ್ಟು ಯಾರು ತರಬೇಕು ಅಂತ ಜಗಳವಂತೆ. ನನಗ್ಯಾಕೆ ಫೋನು ಮಾಡಿದರೋ. ವಾರಕ್ಕೊಂದು ಓಣಿ ಅಂತ ಹೇಳಿ ಇಟ್ಟೆ.

೨೧ ಸೆಪ್ಟೆಂಬರ್, ರವಿವಾರ, ಹಿರೇಕೆರೂರು

ಹೇಮಾ ಟೀಚರ್ ಊರು. ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಟೀಚರೇ ಛತ್ರಿ ಹಿಡಿದು ನಿಂತಿದ್ದಾರೆ. ಎತ್ತರದ ಹೆಂಗಸು, ಮೂವತ್ತನಾಲ್ಕು ವರ್ಷ ಸಾಲಿ ಕಲಿಸಿದವರು. ನನ್ನ ಕೈಚೀಲ ಕಸಿದುಕೊಂಡು, “ಬರ್ರಿ, ಮೊದಲ ಊಟ, ಆಮ್ಯಾಲ ಜಗಳ” ಅಂದರು.

ರೊಟ್ಟಿ, ಪುಂಡಿಪಲ್ಯ, ಗಟ್ಟಿ ಮೊಸರು. ನಾನು ತಲೆ ಎತ್ತದೆ ಉಣ್ಣುತ್ತಿದ್ದೆ.

“ಎಷ್ಟನೇ ಇಯತ್ತೆ ಕಲ್ತೀರಿ ಅನ್ನವ್ವ?”

“ಆರು. ಅರ್ಧ.”

“ಹಂಗಂದ್ರ ತಲಿ ಯಾಕ ಬಗ್ಗಿಸ್ತೀರಿ? ಉಳದ ಅರ್ಧ ಬಿಡಿಸಿದವರು ನೀವಲ್ಲಲ್ಲ.” ಇನ್ನೊಂದು ರೊಟ್ಟಿ ಹಾಕಿದರು. ಆಮೇಲೆ ಎದುರಿಗೆ ಕುಳಿತು, “ನೋಡ್ರಿ, ನನಗ ಆ ಕುರ್ಚಿ ಬೇಕು. ರಿಟೈರ್ ಆದಾಗಿಂದ ಮನ್ಯಾಗ ಗ್ವಾಡಿಗೆ ಪಾಠ ಮಾಡಾಕತ್ತೇನಿ. ನಾನು ಚೊಲೋ ಮಾಡ್ತೇನಿ ಅದನ್ನ, ನನಗ ಗೊತ್ತೈತಿ. ನಿಮಗೂ ಬೇಕೇನು?” ಅಂದರು.

ಹೆಂಗಸೊಬ್ಬಳು ಹೀಗೆ ಊಟದ ನಡುವೆ, ಉಪ್ಪು ಬೇಕು ಅಂದಷ್ಟು ಸಲೀಸಾಗಿ, ಕುರ್ಚಿ ಬೇಕು ಅಂದದ್ದನ್ನು ನಾನು ಕೇಳಿರಲಿಲ್ಲ. “ದೇವರ ಚಿತ್ತರಿ” ಅಂದೆ.

“ದೇವರ ಚಿತ್ತ ಇರಲಿ. ನಿಮ್ಮದು ಕೇಳಿದೆ.”

ನಾನು ಇನ್ನಷ್ಟು ಮೊಸರು ಕೇಳಿದೆ.

ಮಧ್ಯಾಹ್ನದ ಕೂಟದಲ್ಲಿ ಮಾತಾಡಿದೆ. ಎಷ್ಟು ನಿಮಿಷವೋ ನೋಡಲಿಲ್ಲ. ಹುಬ್ಬಳ್ಳಿಯಲ್ಲಿ ಮೆಂತ್ಯ ಸೋಸಿದ್ದನ್ನು ಹೇಳಿದೆ. ಜೋರಾಗಿ ಚಪ್ಪಾಳೆ ಹೊಡೆದದ್ದು ಹೇಮಾ ಟೀಚರ್. ಈ ಹೆಂಗಸಿನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕಷ್ಟ. ಅದೊಂದು ಹೊಸ ಚಿಂತೆ.

೧೦ ಅಕ್ಟೋಬರ್, ಶುಕ್ರವಾರ

ನಾಳೆ ಸವಣೂರಿನಲ್ಲಿ ಆರಿಸುವುದು. ಕರಿಯವ್ವ ಅಜ್ಜಿಗೆ ಗಾಡಿಯಲ್ಲಿ ತಲೆ ಸುತ್ತುತ್ತದೆ, ಮುಂದಿನ ಸೀಟು ಬೇಕು ಅಂತ ತಡಸಕ್ಕೆ ಹೇಳಿದೆ. ಹಾನಗಲ್ಲದವರಿಗೆ ಬಸ್ಸು ಹೊತ್ತಿಗೆ ಸರಿಯಾಗುವುದಿಲ್ಲ, ಒಂದು ಗಾಡಿ ಮಾಡಿಕೊಳ್ಳಲಿ ಅಂತ ಹೇಳಿದೆ. ಕುಡಿಯುವ ನೀರು, ಲಿಂಬೆಹಣ್ಣು, ಎರಡು ಚಾಪೆ ಹೆಚ್ಚಿಗೆ. ಹಿರೇಕೆರೂರಿನವರು ದೂರದಿಂದ ಬರುತ್ತಾರೆ, ಬಂದ ಕೂಡಲೇ ಚಹಾ ಸಿಗಬೇಕು.

ನಮ್ಮವರು ಕೇಳಿದರು, “ಭಾಷಣ ಬಾಯಿಪಾಠ ಆತೇನು?”

ಭಾಷಣ! ಮರೆತೇಬಿಟ್ಟಿದ್ದೆ.

೧೧ ಅಕ್ಟೋಬರ್, ಶನಿವಾರ, ಸವಣೂರಿನಿಂದ ಬಂದು, ಸಂಜೆ ಐದು ಗಂಟೆ

ನೆನಪಿರುವಾಗಲೇ ಸಾಲಾಗಿ ಬರೆಯುತ್ತೇನೆ. ಅಕ್ಷರ ಹೇಗಾದರೂ ಬರಲಿ.

ನಮ್ಮ ಕೂಟಗಳಲ್ಲಿ ಯಾವ ಹುದ್ದೆಗೂ ಚೀಟಿಯಲ್ಲಿ ಆರಿಸುವುದಿಲ್ಲ. ಅಜ್ಜಿಯರ ಕಾಲದಲ್ಲಿ ಯಾರಿಗೂ ಓದು ಬರುತ್ತಿರಲಿಲ್ಲ, ಅದಕ್ಕೆ ಗೋವಿನಜೋಳದ ಕಾಳು. ಪರದೆಯ ಹಿಂದೆ ಎರಡು ಮಡಕೆ. ಕೆಂಪು ದಾರ ಕಟ್ಟಿದ್ದು ಟೀಚರದು, ಹಸಿರು ದಾರದ್ದು ನನ್ನದು. ಏಳು ಸಭೆಗಳಿಂದ ಏಳೇಳು ಮಂದಿ, ನಾವಿಬ್ಬರೂ ಅದರಲ್ಲೇ ಸೇರಿ ನಲವತ್ತೊಂಬತ್ತು. ಒಬ್ಬರಿಗೆ ಒಂದೇ ಕಾಳು.

ಹೋಗುವಾಗ ಗಾಡಿಯಲ್ಲಿ ಹಾಲವ್ವ ಕಿವಿಯಲ್ಲಿ ಹೇಳಿದ್ದಳು, “ನಿನ್ನ ಕಾಳ ನೀನ ಹಾಕ್ಕೋಬ್ಯಾಡ ಮತ್ತ. ನಮ್ಮ ಹಿರ್ಯಾರು ಯಾರೂ ಹಂಗ ಮಾಡಿಲ್ಲ. ಹಸದವರ ಹಂಗ ಕಾಣತೈತಿ.” ಸರಿ ಅಂದೆ.

ಅಮ್ಮನವರು ನನ್ನ ಕೈಯಲ್ಲಿ ಕಾಳು ಇಟ್ಟರು. ಅದೇ ಹೊತ್ತಿಗೆ, ತನ್ನ ಕಾಳು ಹಾಕಿ ಬಂದ ಕರಿಯವ್ವ ಅಜ್ಜಿ ತಲೆ ಹಿಡಿದುಕೊಂಡು ಕುಸಿದಳು. ನಾನು ಕಾಳನ್ನು ಸೆರಗಿಗೆ ಗಂಟು ಹಾಕಿಕೊಂಡು ಆಕೆಯನ್ನು ಹೊರಗೆ ಬೇವಿನ ನೆರಳಿಗೆ ಕರೆತಂದೆ. ಲಿಂಬೆ ನೀರು ಕುಡಿಸಿದೆ, ಗಾಳಿ ಹಾಕಿದೆ. ಒಳಗೆ ಹೆಂಗಸರು ಒಬ್ಬೊಬ್ಬರಾಗಿ ಪರದೆಯ ಹಿಂದೆ ಹೋಗಿ ಬರುತ್ತಿದ್ದರು.

ಇಲ್ಲಿ ಸುಳ್ಳು ಬರೆಯುವುದಿಲ್ಲ. ಅಜ್ಜಿಗೆ ಬೇಗ ಆರಾಮಾಗಿತ್ತು. ಸವಣೂರು ಖಾರಾದ ಪೊಟ್ಟಣ ಬಿಚ್ಚಿ ತಿನ್ನುತ್ತ, “ಹೋಗ್ರೆವಾ, ಹಾಕಿ ಬರ್ರಿ” ಅನ್ನುತ್ತಿದ್ದಳು. ನಾನೇ ಹೋಗಲಿಲ್ಲ. ನನಗೆ ಹಾಕಿಕೊಳ್ಳಲು ನಾಚಿಕೆ. ಟೀಚರಿಗೆ ಹಾಕಲು ಮನಸ್ಸಿಲ್ಲ. ಹೀಗೆ ಗಾಳಿ ಹಾಕುತ್ತ ಹಾಕುತ್ತ ಹೊತ್ತು ಕಳೆದೆ.

ಅಯ್ಯನವರು ಎರಡೂ ಮಡಕೆಗಳನ್ನು ಬಿಳಿ ಪಂಚೆಯ ಮೇಲೆ ಸುರುವಿದರು, ಬೇರೆ ಬೇರೆ ಗುಂಪು. ಇದರಿಂದ ಒಂದು, ಅದರಿಂದ ಒಂದು, ಜೋಡಿ ಮಾಡುತ್ತ ಬಂದರು. ಹತ್ತು ಜೋಡಿಗೆ ನಮ್ಮ ಊರಿನ ಹೆಂಗಸರ ಮುಖ ಬಾಡತೊಡಗಿತು. ಇಪ್ಪತ್ತಕ್ಕೆ ಹಾಲವ್ವ ಸೆರಗು ಕಚ್ಚಿಕೊಂಡಳು. ಇಪ್ಪತ್ತನಾಲ್ಕನೆಯ ಜೋಡಿ ಇಟ್ಟಾಗ ಪಂಚೆಯ ಮೇಲೆ ಬೇರೆ ಕಾಳೇ ಉಳಿದಿರಲಿಲ್ಲ.

“ಸಮ ಆತಲ್ಲ!” ಅಂದರು ಅಯ್ಯನವರು. ಮತ್ತೆ ಎಣಿಸಿದರು. “ನಲವತ್ತೊಂಬತ್ತು ಕೊಟ್ಟೇವಿ. ನಲವತ್ತೆಂಟು ಅದಾವು. ಒಂದು ಎಲ್ಲಿ?”

“ಇಲಿ ತಿಂದಿರಬೇಕ್ರಿ” ಅಂದರು ಯಾರೋ.

ಅಷ್ಟರಲ್ಲಿ ಹಾಲವ್ವ ಎದ್ದು ಎದೆ ಬಡಿದುಕೊಂಡಳು. “ನನ್ನ ಸುಡ್ರಿ! ನಾನು ಟೀಚರಗ ಹಾಕೇನ್ರಿ! ನಮ್ಮೂರಾಕಿಗೆ ನಾವ ಹಾಕ್ಕೊಂಡ್ರ ಮಂದಿ ಏನಂದಾರು ಅಂತ ಮರ್ಯಾದಿಗೆ ಹಾಕಿದೆ. ಉಳದ ಐದ ಮಂದಿ ಈಕಿಗೆ ಹಾಕ್ತಾರಂತ ಮಾಡಿದ್ದೆ!”

ಉಳಿದ ಐವರು ಒಬ್ಬರ ಮುಖ ಒಬ್ಬರು ನೋಡಿದರು. “ನಾನೂ ಹಂಗ ಮಾಡೇನಿ.” “ನಾನೂ.” “ಯವ್ವಾ, ನಾನೂ!” ಯಲವಿಗಿಯ ಆರೂ ಕಾಳು ಕೆಂಪು ದಾರದ ಮಡಕೆಗೆ ಹೋಗಿದ್ದವು.

ಮೊದಲು ನಕ್ಕವರು ಹೇಮಾ ಟೀಚರ್. ಕುರ್ಚಿ ಹಿಡಿದುಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವ ಹಾಗೆ. “ಅದಕ್ಕ ಅಂತೇನಿ, ನನಗ ಇಷ್ಟು ಎಲ್ಲಿಂದ ಬಂದುವು ಅಂತ!” ಆಮೇಲೆ ಇಡೀ ಸಭೆ ನಕ್ಕಿತು. ಹಾಲವ್ವ ಮಾತ್ರ ಅಳುತ್ತಿದ್ದಳು.

ನಾನು ಬಾಗಿಲಲ್ಲಿ ನಿಂತಿದ್ದೆ. ಗಂಟು ಬಿಚ್ಚಿ ಕೈ ಮೇಲೆತ್ತಿದೆ. “ಇಲಿ ತಿಂದಿಲ್ರಿ. ನನ್ನ ಕಡೆ ಐತಿ.”

ಅಯ್ಯನವರು ಅಮ್ಮನವರ ಮುಖ ನೋಡಿದರು. ಹೇಮಾ ಟೀಚರ್, “ಆಕಿ ಕಾಳು ಆಕಿ ಹಕ್ಕು. ಹಾಕ್ಲಿ” ಅಂದರು.

“ಟೀಚರ್, ನೀವು ಯಾರಿಗೆ ಹಾಕಿದ್ರಿ?”

“ನನಗ ಹಾಕ್ಕೊಂಡೇನಿ. ನಿಮಗ್ಯಾಕ ಹಾಕ್ಲಿ? ಬೇಕಾದಾಕಿ ನಾನು!”

ಹಾಲವ್ವ ಹಿಂದಿನಿಂದ ಕೂಗಿದಳು, “ಹಾಕ್ಕೋ ಅನ್ನವ್ವ! ನಾ ಹೇಳಿದ್ದೆಲ್ಲಾ ಬಿಡು, ಹಾಕ್ಕೋ!”

ಅಮ್ಮನವರು ಖಾಲಿ ಮಡಕೆಗಳನ್ನು ಮತ್ತೆ ಒಳಗಿಟ್ಟು, “ಪರದೆ ಎಳೀಲೇನ್ರಿ?” ಅಂತ ಮೆಲ್ಲಗೆ ಕೇಳಿದರು.

“ಬ್ಯಾಡ್ರಿ” ಅಂದೆ.

ನಡೆದುಕೊಂಡು ಹೋದೆ. ಎಲ್ಲರೂ ನೋಡುತ್ತಿದ್ದರು. ಹಸಿರು ದಾರದ ಮಡಕೆಯ ಬಾಯಿಗೆ ಕೈ ಒಯ್ದು, “ನನಗೂ ಬೇಕ್ರಿ” ಅಂದು ಬಿಟ್ಟೆ. ಖಾಲಿ ಮಡಕೆ. ಒಂದೇ ಕಾಳು. ಟಣ್ ಅಂದದ್ದು ಹೊರಗೆ ಬೇವಿನ ಕೆಳಗಿದ್ದ ಕರಿಯವ್ವ ಅಜ್ಜಿಗೂ ಕೇಳಿತಂತೆ.

ಆಮೇಲೆ ಏನಾಯಿತೋ ಸರಿಯಾಗಿ ಗೊತ್ತಿಲ್ಲ. ಯಾರೋ ಎತ್ತಿದರು. ಟೀಚರ್ ನನ್ನ ಕಿವಿ ಹಿಂಡಿ, “ನಾಗಪುರದಾಗ ಹಿಂದಿ ಬೇಕಾಕ್ಕೈತಿ. ಸೋಮವಾರದಿಂದ ಫೋನಿನ್ಯಾಗ ಕಲಸತೇನಿ. ತಪ್ಪಸಬಾರದು” ಅಂದರು.

೧೨ ಅಕ್ಟೋಬರ್, ರವಿವಾರ

ನಮ್ಮ ಊರಿನ ಆ ಆರು ಮಂದಿ ಸೇರಿ ತಪ್ಪಿಗೆ ಅಂತ ಹೋಳಿಗೆ ಮಾಡಿ ತಂದಿದ್ದರು. ಆರೂ ಮನೆಯಿಂದ. ನಮ್ಮವರು ನಾಲ್ಕು ತಿಂದು, “ಇಂಥ ತಪ್ಪು ತಿಂಗಳಾ ಮಾಡ್ರಿ” ಅಂದರು. ನಾಗಪುರಕ್ಕೆ ಹೋಗುವಾಗ ಇಬ್ಬರನ್ನಾದರೂ ಜೊತೆಗೆ ಕರೆದುಕೊಂಡು ಹೋಗಬೇಕು, ಅವರಿಗೂ ಒಳಗೆ ಕುಳಿತುಕೊಳ್ಳಲು ಜಾಗ ಬೇಕು ಅಂತ ಮಂಡಳಿಗೆ ಕಾಗದ ಬರೆದೆ. ಬೇಡಿಕೊಳ್ಳುವ ಮಾತು ಹಾಕಲು ಮರೆತೆ. ಹೋಗಲಿ, ಕಾಗದ ಗಿಡ್ಡವಾಯಿತು.

ಹಾಲವ್ವ ಇನ್ನೂ ಮುಖ ಸಣ್ಣದು ಮಾಡಿಕೊಂಡೇ ಕುಳಿತಿದ್ದಳು. “ಆರೂ ಮಂದಿ ಹಂಗ ಮಾಡ್ತೇವಂತ ಯಾರಿಗೆ ಗೊತ್ತಿತ್ತ?”

“ಇರಲಿ ಬಿಡ ಯಕ್ಕಾ. ಮೂರು ವರ್ಷಕ್ಕ ಮತ್ತ ಆರಸ್ತಾರಲ್ಲ, ಮತ್ತ ನಿಂದರತೇನಿ. ಆವಾಗ ಆರೂ ಮಂದಿ ನನಗ ಹಾಕ್ರಿ” ಅಂದೆ.

ಹಾಲವ್ವ ಬಾಯಿಗೆ ಒಯ್ದಿದ್ದ ಹೋಳಿಗೆಯನ್ನು ಹಾಗೇ ಹಿಡಿದುಕೊಂಡು ನನ್ನನ್ನೇ ನೋಡಿದಳು. ಯಾಕೆ ಹಾಗೆ ನೋಡಿದಳೋ ತಿಳಿಯಲಿಲ್ಲ. ಕೇಳೋಣ ಅಂದರೆ ತಡಸದಿಂದ ಫೋನು ಬಂತು.